ಅತ್ತೆಗೆ ಕೊಟ್ಟ ಹೆಚ್ಚಿನ ಗಾಳಿ

ನನ್ನದು ಧಾರಾಳದ ಕೈ, ಕೊಡುವುದಾದರೆ ಸುರಿದುಬಿಡುತ್ತೇನೆ. ಜೋರಾಪುರ ಪೇಟೆಯಲ್ಲಿ ಬೆಳೆದು ಬಿಜ್ಜರಗಿಗೆ ಸೊಸೆಯಾಗಿ ಬಂದ ನನ್ನನ್ನು ಅತ್ತೆ ದ್ರಾಕ್ಷಿ ತೋಟದಲ್ಲಿ ಬೈದದ್ದೆಲ್ಲ ಈ ಕೈಗಾಗಿಯೇ. ಬಳ್ಳಿ ಚೂರು ಬಾಡಿದಂತೆ ಕಂಡರೆ ಸಾಕು, ಹನಿ ನೀರಿನ ವಾಲ್ ಪೂರ್ತಿ ತಿರುವಿಬಿಡುತ್ತಿದ್ದೆ. “ಹಣ್ಣಿಗೆ ಬಂದ ಬಳ್ಳಿಗಿ ನೀರ ಜಾಸ್ತಿ ಆದ್ರ ಕಾಯಿ ಒಡೀತಾವ ಬೇ,” ಎನ್ನುತ್ತ ಅವರು ಕೆಮ್ಮಿಕೊಂಡೇ ಬಂದು ಅರ್ಧಕ್ಕೆ ಇಳಿಸುತ್ತಿದ್ದರು.

ಆ ಕೆಮ್ಮು ಹಳೆಯದು. ಒಲೆಯ ಹೊಗೆ, ಒಣದ್ರಾಕ್ಷಿ ಶೆಡ್ಡಿನ ಗಂಧಕದ ಹೊಗೆ ಎರಡೂ ಅವರ ಎದೆಯಲ್ಲಿ ಮನೆ ಮಾಡಿದ್ದವು. ಹೋದ ಚಳಿಗಾಲ ಅದರ ಮೇಲೆ ನ್ಯುಮೋನಿಯಾ ಬಂತು. ವಿಜಯಪುರದ ಆಸ್ಪತ್ರೆಗೆ ಸೇರಿಸಿದೆವು. ಪಕ್ಕದ ಮಂಚದಲ್ಲಿ ಬಬಲೇಶ್ವರದ ಒಬ್ಬ ಹೆಂಗಸು, ಅದೇ ದಿನ ಅದೇ ಕಾಯಿಲೆಯಿಂದ ಬಂದವರು. ಅವರ ಬೆರಳಿಗೆ ಹಾಕಿದ ಆಕ್ಸಿಜನ್ ಅಳೆಯುವ ಯಂತ್ರ ತೊಂಬತ್ತೇಳು ತೋರಿಸುತ್ತಿತ್ತು, ಅತ್ತೆಯದು ತೊಂಬತ್ತು. ನನಗೆ ಹೊಟ್ಟೆಕಿಚ್ಚಾಯಿತು.

ಮಧ್ಯಾಹ್ನ ನರ್ಸ್ ಆಚೆ ಹೋದಾಗ ಗೋಡೆಯ ಆಕ್ಸಿಜನ್ ಗುಂಡಿಯನ್ನು ಪೂರ್ತಿ ತಿರುವಿದೆ. ಅದರ ಕೆಳಗೆ ಸಿಕ್ಕಿಸಿದ್ದ ಬಾಟಲಿಯ ನೀರು ಗುಳುಗುಳು ಎಂದಿತು. ಅಂಕಿ ಏರಿತು. ಅತ್ತೆಯ ಮುಖ ಕೆಂಪಗಾಗಿ ಕಣ್ಣು ಮುಚ್ಚಿಕೊಂಡವು. ಬಿಸಿಲು ಹಾಸಿಗೆಯ ಮೇಲೆ ಮೆಲ್ಲಗೆ ತೆವಳುತ್ತಿತ್ತು. “ನೀರ ಬಂತೇನ… ಕಡೀ ಸಾಲಿಗಿ ಬಂತೇನ…” ಎಂದು ತೊದಲಿದರು. “ಬಂತ್ರಿ ಅತ್ತಿ,” ಎಂದೆ. ಎಷ್ಟು ದಿನದ ನಿದ್ದೆಯೋ ಪಾಪ ಎಂದು ಹಣೆ ಸವರುತ್ತ, ಆ ಗುಳುಗುಳು ಕೇಳುತ್ತ, ನಾನೂ ಬಳ್ಳಿಗಳ ನೆರಳಿನಲ್ಲೆಲ್ಲೋ ತೇಲಿಹೋದೆ.

ನರ್ಸ್ ಬಂದು ಎಬ್ಬಿಸಿದರೆ ಅತ್ತೆ ಏಳಲಿಲ್ಲ.

ಡಾಕ್ಟರ್ ಓಡಿಬಂದು ಗುಂಡಿ ಇಳಿಸಿದರು, ಮುಖಕ್ಕೆ ಉಸಿರಾಟದ ಮಾಸ್ಕ್ ಕಟ್ಟಿಸಿದರು. “ಇವರದು ಹಳೇ ರೋಗದ ಎದಿರಿ. ತೊಂಬತ್ತ ಸಾಕಂತ ನಾವ ಇಟ್ಟಿದ್ವಿ. ಜಾಸ್ತಿ ಕೊಟ್ರ ಕೆಟ್ಟ ಗಾಳಿ ಒಳಗ ಉಳದು ಮಂಪರ ಬರತೈತಿ. ಯಾರ ತಿರುವಿದ್ರಿ?”

“ನಾನ್ರಿ,” ಎಂದೆ. ಕೈಯಾರೆ ಕೊಂದುಬಿಟ್ಟೆ ಎನಿಸಿ ಮಂಚದ ಕಾಲು ಹಿಡಿದು ಕೂತೆ.

ಮರುದಿನ ಬೆಳಿಗ್ಗೆ ಅವರು ಕಣ್ಣು ಬಿಟ್ಟರು. ಬಬಲೇಶ್ವರದವರು ಐದನೆಯ ದಿನ ನಗುತ್ತ ಮನೆಗೆ ಹೋದರು. ಅತ್ತೆಗೆ ತಿಂಗಳು ಹಿಡಿಯಿತು. ಬರುವಾಗ ಆಕ್ಸಿಜನ್ ಯಂತ್ರವೂ ಜೊತೆಗೆ ಬಂತು.

ಈಗ ತೋಟದವರೆಗೆ ನಡೆಯಲು ಅವರಿಗಾಗುವುದಿಲ್ಲ. ವಾಲ್ ನನ್ನ ಕೈಯಲ್ಲಿದೆ, ಅರ್ಧಕ್ಕೇ ನಿಲ್ಲಿಸುತ್ತೇನೆ. ಆದರೆ ಮನೆಯ ಯಂತ್ರದ ಗುಂಡಿಯವರೆಗೆ ಚಾಚಿದ ಕೈಯನ್ನು ಇಂದಿಗೂ ಹಿಂದಕ್ಕೆಳೆದುಕೊಳ್ಳುತ್ತೇನೆ. ಮೊನ್ನೆ ಅತ್ತೆ ಅದನ್ನು ನೋಡಿದರು. ನನ್ನ ಬೆರಳ ಮೇಲೆ ತಮ್ಮ ಬೆರಳಿಟ್ಟು, ಡಾಕ್ಟರ್ ಹೇಳಿದ ಗೆರೆಯವರೆಗೆ ತಾವೇ ತಿರುವಿಸಿದರು.

“ಅಂಜಬ್ಯಾಡ ಬೇ,” ಎಂದರು. “ಅವತ್ತ ನೀ ಜಾಸ್ತಿ ಕೊಟ್ಟಿದ್ದಿ. ಕಡಿಮಿ ಅಲ್ಲ.”