ಹೆಳವಪ್ಪನ ಪುಸ್ತಕದಲ್ಲಿ ನಾನು ಇರಲಿಲ್ಲ

ನಾನು ಚಿಕ್ಕವಳಿದ್ದಾಗ ಏನಾಯಿತು ಹೇಳು ಎಂದು ಪೀಡಿಸುತ್ತೀರಿ. ಏನೂ ಆಗಲಿಲ್ಲ. ಶಿಡ್ಲಘಟ್ಟದ ಹತ್ತಿರದ ಹಳ್ಳಿಯಲ್ಲಿ ರೇಷ್ಮೆ ಹುಳಕ್ಕೆ ಸೊಪ್ಪು ಹಾಕಿದೆ, ಎರಡನೇ ಕ್ಲಾಸಿಗೆ ಶಾಲೆ ಬಿಟ್ಟೆ, ಮದುವೆಯಾಗಿ ಚಿಂತಾಮಣಿ ಹತ್ತಿರ, ಅಂಬಾಜಿದುರ್ಗದ ಕೆಳಗಿನ ಈ ಊರಿಗೆ ಬಂದೆ. ಅಷ್ಟೇ. ಹೇಳುವಂಥದ್ದು ನಡೆದದ್ದು ನನ್ನ ಕೂದಲು ನರೆತ ಮೇಲೆ, ಎರಡು ಸಾವಿರದ ಇಸವಿ ದಾಟಿ, ನಿಮ್ಮಮ್ಮ ಚಿಕ್ಕವಳಿದ್ದಾಗ. ಚಿಕ್ಕವಳು ಅಂದರೆ ಇಪ್ಪತ್ತಮೂರು ತುಂಬಿತ್ತು. ಬಾಯಿಗೆ ಮಾತ್ರ ಅರವತ್ತಾಗಿತ್ತು.

ಅವಳು ಆಗಷ್ಟೇ ಚಿಕ್ಕಬಳ್ಳಾಪುರದಲ್ಲಿ ಒಂದು ಪೇಪರಿನ ಕೆಲಸಕ್ಕೆ ಸೇರಿದ್ದಳು. ಮೊದಲ ತಿಂಗಳೇ, ಹೆಂಡತಿ ಪಂಚಾಯಿತಿ ಮೆಂಬರಾದರೆ ಮೀಟಿಂಗಿನ ಕುರ್ಚಿಯಲ್ಲಿ ಕೂರುವುದು ಗಂಡ ಎಂದು ಬರೆದು, ಗೌರಿಬಿದನೂರಿನ ಕಡೆಯ ಯಾರೋ ಗಂಡಂದಿರ ಹತ್ತಿರ ಫೋನಿನಲ್ಲಿ ಬೈಸಿಕೊಂಡಿದ್ದಳು. ನಿಮ್ಮ ತಾತ ಕೇಳಿಕೊಂಡದ್ದು ಒಂದೇ: "ನಮ್ಮನೆ ವಿಷ್ಯ ಒಂದು ಬರೀಬೇಡ ಕಣಮ್ಮ."

ಆ ವರ್ಷ ನಮ್ಮೂರಿಗೂ ಪಂಚಾಯಿತಿ ಚುನಾವಣೆ ಬಂತು. ಸೀಟು ಹೆಂಗಸರಿಗೆ ಬಿತ್ತು. ನಿಮ್ಮ ತಾತನ ಅಣ್ಣ, ಅಂದರೆ ದೊಡ್ಡ ತಾತ, ತಮ್ಮ ಹೆಂಡತಿಯನ್ನು ನಿಲ್ಲಿಸಿದರು. ಅವರನ್ನು ನಾನು ಅಕ್ಕ ಎನ್ನುತ್ತಿದ್ದೆ. ಹಂಚಿದ ಪಾಂಪ್ಲೆಟಿನಲ್ಲಿ ದೊಡ್ಡ ತಾತನ ಮುಖ ಹಲಸಿನಹಣ್ಣಿನಷ್ಟಿತ್ತು, ಅಕ್ಕನದು ನೆಲ್ಲಿಕಾಯಿಯಷ್ಟು.

ಆಗಲೇ ಹೆಳವಪ್ಪ ಬಂದ. ಹೆಳವರು ಅಂದರೆ ವಂಶದ ಲೆಕ್ಕ ಇಟ್ಟವರು. ಮೂರು ನಾಲ್ಕು ವರ್ಷಕ್ಕೊಮ್ಮೆ ಎತ್ತಿನ ಜೊತೆ ಗಂಟೆ ಬಾರಿಸಿಕೊಂಡು ಬರುತ್ತಾರೆ. ಮನೆ ಮುಂದೆ ಕೂತು, ಏಳೆಂಟು ತಲೆಮಾರಿನ ಹೆಸರನ್ನು ರಾಗವಾಗಿ ಹೇಳಿ, ಹೊಸದಾಗಿ ಹುಟ್ಟಿದವರನ್ನು ಪುಸ್ತಕಕ್ಕೆ ಸೇರಿಸಿಕೊಳ್ಳುತ್ತಾರೆ. ಮುಗಿದ ಮೇಲೆ ಮನೆಯ ಹೆಂಗಸು ಮೊರದಲ್ಲಿ ರಾಗಿ ತಂದು ಚೀಲಕ್ಕೆ ಸುರಿಯಬೇಕು. ಗಂಡಸರು ತಂದರೆ ನಮ್ಮ ಹೆಳವಪ್ಪ ಮುಟ್ಟುತ್ತಿರಲಿಲ್ಲ.

ದೊಡ್ಡ ತಾತ ಹೊಂಗೆ ಮರದ ಕೆಳಗೆ ಚಾಪೆ ಹಾಸಿ ಊರನ್ನೇ ಕೂರಿಸಿದರು. ನಿಮ್ಮಮ್ಮನನ್ನೂ ಕರೆಸಿದರು. "ನಮ್ಮ ವಂಶ ಎಂಥದ್ದು ಅಂತ ಬರಿಯಮ್ಮ. ಓಟಿಗೆ ಮುಂಚೆ ಬರ್ಲಿ." ಅವಳ ಪೇಪರಿನವರೂ ಭಾನುವಾರಕ್ಕೆ ಅಂಥದ್ದೇ ಒಂದು ಕೇಳಿದ್ದರು. ಬರೆದು, ಸಂಜೆ ಐದರ ಬಸ್ಸಿನ ಕಂಡಕ್ಟರ ಕೈಗೆ ಕವರ್ ಕೊಟ್ಟರೆ ಆಯಿತು.

ಲೋಬಾನದ ಹೊಗೆ ಎದ್ದಿತ್ತು. ಎತ್ತು ಹುಲ್ಲು ಮೆಲ್ಲುತ್ತಿತ್ತು. ಹೆಳವಪ್ಪ ಒಂದು ಕೈ ಕಿವಿಗಿಟ್ಟುಕೊಂಡು ಇಂಥವರ ಮಗ ಇಂಥವರು, ಅವರ ಮಗ ಇಂಥವರು ಎಂದು ಎಳೆಯುತ್ತಾ ಹೋದ. ಎಂಟನೇ ಹೆಸರಿಗೆ ನಿಮ್ಮಮ್ಮ ಪೆನ್ನು ಎತ್ತಿದಳು.

"ಹೆಳವಪ್ಪ, ಇವ್ರೆಲ್ಲಾ ಅಪ್ಪಂದಿರ ಹೊಟ್ಟೇಲೇ ಹುಟ್ಟಿದ್ದಾ?"

ಗಂಡಸರು ಕೆಮ್ಮಿದರು. ಹೆಳವಪ್ಪ ಬೇಜಾರು ಮಾಡಿಕೊಳ್ಳಲಿಲ್ಲ. "ಹೆಂಗಸ್ರನ್ನ ಬರೆಯೋ ಪದ್ಧತಿ ಇಲ್ಲ ತಾಯಿ. ಅವ್ರು ತೌರುಮನೆ ಪುಸ್ತಕದಾಗೆ ಇರ್ತಾರೆ."

ನಾನು ಬಾಗಿಲ ಹತ್ತಿರ ನಿಂತಿದ್ದೆ. ನನ್ನ ತವರಿನ ಪುಸ್ತಕ ಓದುತ್ತಿದ್ದವನು ಇವನ ಅಣ್ಣನೇ. "ಅಲ್ಲೂ ಇಲ್ಲ ಕಣಪ್ಪ. ಅಲ್ಲಿ ನಮ್ಮಣ್ಣಂದಿರು ಇಬ್ರೇ," ಅಂದೆ.

"ಕೊಟ್ಟ ಹೆಣ್ಣು ಅಲ್ಲಿರಲ್ಲ ತಾಯಿ, ಗಂಡನ ಮನೆ ಪುಸ್ತಕದಾಗೆ..." ಎಂದವನು ಅಲ್ಲಿಗೇ ನಿಂತ.

ಒಳಗೆ ಹೋಗಿ ಮೊರದ ತುಂಬ ರಾಗಿ ತಂದೆ. ಹೊಸಿಲ ಮೇಲೆ ಕೂತು ಮೊರವನ್ನು ತೊಡೆಯ ಮೇಲಿಟ್ಟುಕೊಂಡೆ.

"ಯಾಕೆ ಕೂತೆ? ಹಾಕು," ಎಂದರು ನಿಮ್ಮ ತಾತ.

"ನಾನು ಇಲ್ವಲ್ಲ. ಇಲ್ಲದೋಳು ಹೆಂಗೆ ಹಾಕ್ತಾಳೆ?"

ಬೆಳಗಿನಿಂದ ಬಾಯಿ ಬಿಡದಿದ್ದ ಅಕ್ಕ ತನ್ನ ಮೊರ ತಂದು ನನ್ನ ಪಕ್ಕ ಕೂತಳು. ದೊಡ್ಡ ತಾತನಿಗೆ ಸಿಟ್ಟು ಬಂದರೆ ತೆಲುಗು ಬರುತ್ತಿತ್ತು. "ಏಂದೇ ಇದಿ?" ಎಂದು ಅಕ್ಕನ ಮೇಲೆ ಏರಿ ಹೋದರು.

"ಪುಸ್ತಕದಾಗೇ ಇಲ್ಲದೋಳು ಪಂಚಾಯ್ತಿನಾಗೆ ಹೆಂಗಿರ್ಲಿ?" ಎಂದಳು ಅಕ್ಕ. "ನೀವೇ ಸೀರೆ ಉಟ್ಕೊಂಡು ನಿಂತ್ಕಳಿ."

ಅಷ್ಟೊತ್ತಿಗೆ ಬೀದಿಯ ಹೆಂಗಸರೆಲ್ಲ ಮೊರ ಹಿಡಿದು ಅವರವರ ಹೊಸಿಲ ಮೇಲೆ ಕೂತಿದ್ದರು. ದೊಡ್ಡ ತಾತ ತಾವೇ ಒಂದು ಮೊರ ಎತ್ತಿಕೊಂಡು ಹೋದರು. ಹೆಳವಪ್ಪ ಚೀಲದ ಬಾಯಿ ಮುಚ್ಚಿಕೊಂಡ. "ಗಂಡಸ್ರ ಕೈದು ಬ್ಯಾಡ ಸ್ವಾಮಿ. ನಮ್ಮಪ್ಪನ ಕಾಲದಿಂದ ಇಲ್ಲ." ನಿಮ್ಮಮ್ಮ ಬರೆಯುವುದನ್ನೇ ಬಿಟ್ಟು ಗಡಿಯಾರ ನೋಡುತ್ತಿದ್ದಳು. ಪ್ರಶ್ನೆ ಕೇಳಿ ಊರಿಗೆ ಬೆಂಕಿ ಹಚ್ಚಿದವಳು ಅವಳೇ, ಈಗ ಬಸ್ಸಿನ ಚಿಂತೆ.

ಬಿಸಿಲು ಇಳಿಯಿತು. ಹೆಳವಪ್ಪ ಬೀದಿಯುದ್ದಕ್ಕೂ ಇದ್ದ ರಾಗಿ ನೋಡಿದ, ಎತ್ತು ನೋಡಿದ, ಪುಸ್ತಕ ತೆರೆದ. "ಆಯ್ತು, ಬರ್ಕೊಳ್ತೀನಿ. ಹೇಳಿ ಯಜಮಾನ್ರೇ, ನಿಮ್ಮ ಮನೆಯವ್ರ ಹೆಸರೇನು?"

ನಿಮ್ಮ ತಾತ ಮೂವತ್ತು ವರ್ಷ ನನ್ನನ್ನು ಕರೆದದ್ದು "ಏಯ್" ಎಂದು. ಆಕಾಶ ನೋಡಿದರು, ಹೊಂಗೆ ಮರ ನೋಡಿದರು. ಕೊನೆಗೆ ನಿಮ್ಮಮ್ಮನಿಗೆ ಮೆಲ್ಲಗೆ, "ರೇಷನ್ ಕಾರ್ಡ್ ತಗೊಂಬಾಮ್ಮ" ಎಂದರು. ಬೀದಿ ಬೀದಿಯೇ ನಕ್ಕಿತು. ನಾನೂ ನಕ್ಕೆ, ಏನು ಮಾಡಲಿ.

"ನಿಮ್ಮ ತಾಯಿ ಹೆಸರು?" ಎಂದ ಹೆಳವಪ್ಪ.

"ಅವ್ವ," ಎಂದರು ದೊಡ್ಡ ತಾತ.

"ಅದು ಸರಿ. ಹೆಸರು?"

"ಅವ್ವ ಅಂದ್ರೆ ಅವ್ವ ಕಣಯ್ಯ."

ಅಣ್ಣ ತಮ್ಮನ ಮುಖ ನೋಡಿದರು, ತಮ್ಮ ಅಣ್ಣನ ಮುಖ ನೋಡಿದರು. ಅವ್ವ ಸತ್ತಾಗ ಇಬ್ಬರೂ ತಲೆ ಬೋಳಿಸಿಕೊಂಡು ಅತ್ತವರು. ಆಗ ನಗು ನಿಂತಿತು. ಹೆಸರು ಹೇಳಿದ್ದು ನಾನು. ಅತ್ತೆಗೆ ಎಣ್ಣೆ ಹಚ್ಚುವಾಗ ಮುಂಗೈ ಮೇಲಿನ ಹಸಿರು ಹಚ್ಚೆಯನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದ್ದೆ. ಎರಡನೇ ಕ್ಲಾಸು ನನ್ನ ಕೆಲಸಕ್ಕೆ ಬಂದದ್ದು ಅದೇ ಮೊದಲ ಸಲ. ದೊಡ್ಡ ತಾತ "ಹೌದಾ?" ಎಂದರು. ಆಮೇಲೆ, ಇನ್ನೊಂದು ಸಲ ಹೇಳು ಎಂದರು.

ಅವನು ಬರೆದ, ನಾವು ಸುರಿದೆವು. ಚೀಲ ಸಾಲದೆ ಅಕ್ಕ ಒಂದು ಗೋಣಿ ಕೊಟ್ಟಳು. ನಿಮ್ಮಮ್ಮ ಜಗುಲಿಯ ಮೇಲೆ ಕೂತು ಗೀಚಿ, ಒಂದೇ ಚಪ್ಪಲಿಯಲ್ಲಿ ಓಡಿ ಹೋಗಿ ಕಂಡಕ್ಟರ ಕೈಗೆ ಕವರ್ ಕೊಟ್ಟಳು. ಭಾನುವಾರ ಎಲ್ಲರ ಹೆಸರೂ ಪೇಪರಿನಲ್ಲಿ ಬಂತು. ಫೋಟೋದಲ್ಲಿ ಬಂದದ್ದು ಎತ್ತು ಮಾತ್ರ. ಅಕ್ಕ ಗೆದ್ದಳು. ಮೊದಲ ಮೀಟಿಂಗಿಗೆ ದೊಡ್ಡ ತಾತನೂ ಇಸ್ತ್ರಿ ಪಂಚೆ ಉಟ್ಟು ಹೊರಟರು, ಆಚೆಯ ಬೆಂಚಿನಲ್ಲಿ ಕೂತು ಬಂದರು.

ನಿಮ್ಮ ಕಾಲ ಬೇರೆ. ಶಾಲೆಯ ಅರ್ಜಿಯಲ್ಲಿ ಅಮ್ಮನ ಹೆಸರಿಗೂ ಒಂದು ಗೆರೆ ಬಿಟ್ಟಿರುತ್ತಾರೆ, ನೀವು ತಡವರಿಸದೆ ಬರೆಯುತ್ತೀರಿ. ಸಂತೋಷ. ಆದರೆ ಮೊನ್ನೆ ನಿಮ್ಮ ಫೋನು ಕೈಗೆ ತೆಗೆದುಕೊಂಡು ನೋಡಿದೆ. ನಾನು 'ಚಿಂತಾಮಣಿ ಅಜ್ಜಿ', ನಿಮ್ಮಪ್ಪನ ತಾಯಿ 'ಗೌರಿಬಿದನೂರು ಅಜ್ಜಿ'. ಬಸ್ಸಿಗೆ ಬೋರ್ಡ್ ಹಾಕಿದ ಹಾಗಿದೆ. ಇಬ್ಬರ ಹೆಸರನ್ನೂ ಕೇಳಿ ತಿಳಿದುಕೊಂಡು ಸರಿಯಾಗಿ ಹಾಕಿ. ಅಲ್ಲಿಯವರೆಗೆ ನೀವು ಎಷ್ಟು ಸಲ ಫೋನ್ ಮಾಡಿದರೂ ನಾನು ಎತ್ತುವುದಿಲ್ಲ.