ಬಾನೆಟ್ಟಿನ ಮೇಲೆ ಬಂದ ಸಾರು

ನನ್ನ ಮೂಗಿನ ಬಗ್ಗೆ ನನಗೆ ಒಂದಿಷ್ಟು ಜಂಬವಿತ್ತು. ಹಾಲು ಒಡೆಯುವಂತಿದೆಯೋ, ನಿನ್ನೆಯ ಪಲ್ಯ ಹಳಸಿದೆಯೋ ಎಂಬ ಅನುಮಾನ ಬಂದಾಗಲೆಲ್ಲ ಪಾತ್ರೆ ನನ್ನ ಮುಂದೆ ಬರುತ್ತಿತ್ತು. ನಾನು ಕಣ್ಣು ಮುಚ್ಚಿ, ಮೂಸಿ, ನ್ಯಾಯಾಧೀಶನ ಗಾಂಭೀರ್ಯದಲ್ಲಿ ತೀರ್ಪು ಕೊಡುತ್ತಿದ್ದೆ. ನಿವೃತ್ತನಾದ ಮೇಲೆ ಮನೆಯಲ್ಲಿ ನನಗೆ ಉಳಿದಿದ್ದ ಅಧಿಕಾರ ಅದೊಂದೇ.

ಅದೂ ಹೋದದ್ದು, ಹೊಸ ಬೀಗರು ರಾಮನಗರದ ನಮ್ಮ ಮನೆಗೆ ಮೊದಲ ಸಲ ಊಟಕ್ಕೆ ಬಂದ ದಿನ. ಮಗಳನ್ನು ಕೊಟ್ಟ ಮನೆಯವರು. ಊಟದಲ್ಲಿ ಎಡವಟ್ಟಾದರೆ ಜನ್ಮವಿಡೀ ಆಡಿಕೊಳ್ಳುತ್ತಾರೆ. ಹಾಗಾಗಬಾರದೆಂದು ಕೋಡಿಹಳ್ಳಿಯ ನಮ್ಮಕ್ಕ ಹಿಂದಿನ ಸಂಜೆಯೇ ಮಟನ್ ಸಾರು ಮಾಡಿ, ಬಿಸಿಬಿಸಿಯಾಗಿಯೇ ಸ್ಟೀಲ್ ಕ್ಯಾನಿಗೆ ತುಂಬಿ ಮುಚ್ಚಳ ಬಿಗಿದು, ಬೆಳಗಿನ ಬಸ್ಸಿನ ಡ್ರೈವರ್ ಕೈಗೆ ಒಪ್ಪಿಸಿದ್ದಳು. ಫೋನಿನಲ್ಲಿ ಅಭಯವನ್ನೂ ಕೊಟ್ಟಳು.

"ಬಾನೆಟ್ ಮೇಲೇ ಮಡಗ್ಸಿವ್ನಿ ಕಣ್ಲಾ. ಬೆಚ್ಚಗಿರ್ತದೆ."

ಬೆಚ್ಚಗೇ ಇತ್ತು. ಅದೇ ತೊಂದರೆ ಎಂದಳು ನನ್ನ ಹೆಂಡತಿ. "ರಾತ್ರಿಯೆಲ್ಲ ಹೊರಗಿದ್ದಿದ್ದು, ಆಮೇಲೆ ಎರಡು ಗಂಟೆ ಇಂಜಿನ್ ಕಾವಲ್ಲಿ ಕೂತಿದ್ದು. ಕೆಡೋಕೆ ಇನ್ನೇನ್ ಬೇಕು? ಚೆಲ್ಬುಡಾಣ ಕಣ್ರೀ. ನಾನು ಬಸ್ಸಾರು ಮಾಡ್ತೀನಿ."

ಅಕ್ಕನ ಸಾರು ಚೆಲ್ಲುವುದೇ! ಮೂಸಿದೆ. ಚಕ್ಕೆ, ಲವಂಗ, ಕೊತ್ತಂಬರಿ ಬಿಟ್ಟರೆ ಬೇರೆ ವಾಸನೆಯೇ ಇಲ್ಲ. "ಏನೂ ಆಗಿಲ್ಲ" ಎಂದು ತೀರ್ಪು ಕೊಟ್ಟು, ತೀರ್ಪಿನ ಮರ್ಯಾದೆ ಉಳಿಸಲು ಅಲ್ಲೇ ನಿಂತು ಎರಡು ಬಟ್ಟಲು ಕುಡಿದೆ.

ರೋಗಾಣುಗಳಿಗೆ ವಾಸನೆ ಇರಲೇಬೇಕೆಂಬ ಕಾನೂನಿಲ್ಲ ಎಂದು ಆಮೇಲೆ ಡಾಕ್ಟರು ಹೇಳಿದರು. ಸಾರನ್ನು ಬೇಗ ಆರಿಸಿ ಫ್ರಿಜ್ಜಿಗಿಡಬೇಕು, ಇಲ್ಲವೇ ಹಬೆಯಾಡುವಷ್ಟು ಬಿಸಿಯಾಗಿಯೇ ಇಟ್ಟುಕೊಳ್ಳಬೇಕು. ಉಗುರುಬೆಚ್ಚಗಿದ್ದರೆ ಅವಕ್ಕೆ ಹಬ್ಬವಂತೆ. ಆ ಹಬ್ಬ ನನ್ನ ಹೊಟ್ಟೆಯಲ್ಲಿ ಶುರುವಾದದ್ದು ಸರಿಯಾಗಿ ಬೀಗರ ಕಾರು ಬಂದು ನಿಂತಾಗ. "ಬನ್ನಿ, ಬನ್ನಿ" ಎಂದವನೇ ಕಕ್ಕಸಿಗೆ ಓಡಿದೆ. ಒಳಗೆ ಕೂತವನಿಗೆ ಹೊಟ್ಟೆನೋವಿಗಿಂತ ಭಯವೇ ಹೆಚ್ಚಾಯಿತು. ಅವರಿಗೂ ಅದನ್ನೇ ಬಡಿಸಿದ್ದರೆ? ಏಳಲಾಗದೆ ಅರ್ಧ ಗಂಟೆ ಕಳೆದಿರಬೇಕು, ಊಟಕ್ಕೆ ಕೂತ ಬೀಗರ ದನಿ ಕೇಳಿಸಿತು.

"ಬಸ್ಸಾರು ಬೋ ಚೆಂದಾಗೈತೆ ಕಣಮ್ಮ. ಇನ್ನೊಂದ್ ಮುದ್ದೆ ಇಕ್ಕಿ."

ಹೆಂಡತಿ ಸಾರನ್ನೂ ನನ್ನ ತೀರ್ಪನ್ನೂ ಒಟ್ಟಿಗೇ ಚೆಲ್ಲಿದ್ದಳು. ಅವಳ ಮೇಲೆ ನನಗೆ ಅಷ್ಟೊಂದು ಪ್ರೀತಿ ಉಕ್ಕಿದ್ದು, ಅದೂ ಅಂಥ ಜಾಗದಲ್ಲಿ, ಅದೇ ಮೊದಲು.

ಖಾಲಿ ಪಾತ್ರೆ ಹಿಂದಿರುಗಿಸುವ ಪದ್ಧತಿ ನಮ್ಮಲ್ಲಿಲ್ಲ. ತೊಳೆದು ಒಣಗಿಸಿದ ಕ್ಯಾನಿಗೆ ಚಕ್ಕುಲಿ ತುಂಬಿ ಅದೇ ಬಸ್ಸಿಗೆ ಹಾಕಿದೆವು. ಕ್ಯಾನು ತಲುಪಿದ ಕೂಡಲೇ ಅಕ್ಕನ ಫೋನು: "ಬೀಗ್ರು ಏನಂದ್ರುಲಾ ನನ್ನ ಸಾರ್ಗೆ?"

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಹೊಗಳಿಕೆಗೆ ಉಬ್ಬಿ ಅಕ್ಕ ಮುಂದಿನ ಕ್ಯಾನನ್ನು ನೇರ ಮಗಳ ಮನೆಗೇ ಕಳಿಸಿಬಿಟ್ಟರೆ? ನಡೆದದ್ದನ್ನೆಲ್ಲ ಹೇಳಿದೆ.

"ಸದ್ಯ, ನೀನೊಬ್ನೇ ಉಂಡ್ಯಲ್ಲ," ಎಂದಳು ಅಕ್ಕ. "ಬರೋ ಭಾನ್ವಾರ ನಾನೇ ಬತ್ತೀನಿ. ಬೀಗ್ರನ್ನ ಕರಿ. ಅಲ್ಲೇ ಮಾಡಿ ಬಿಸೀಲೇ ಇಕ್ತೀನಿ. ನೀನು ಮಾತ್ರ ಒಲೆ ತಾವ ಬರ್ಬ್ಯಾಡ."

ಹೇಳಿದಂತೆಯೇ ಬಂದಳು, ಬಾನೆಟ್ಟಿನ ಪಕ್ಕದ ಸೀಟಿನಲ್ಲೇ ಕೂತು. ಎರಡು ಗಂಟೆ ಇಂಜಿನ್ ಕಾವಲ್ಲಿ ಬಂದರೂ ಅಕ್ಕ ಒಂಚೂರೂ ಕೆಟ್ಟಿರಲಿಲ್ಲ.