ಹೆಡ್ ಮಾಸ್ತರರು ನಪಾಸಾದ ವರ್ಷ

ನಮ್ಮ ಹೆಡ್ ಮಾಸ್ತರರ ಕನ್ನಡಕಕ್ಕೆ ಎಡಗಡೆಯ ಕಡ್ಡಿ ಇರಲಿಲ್ಲ. ಅದರ ಜಾಗದಲ್ಲಿ ಕಂಬಳಿಯಿಂದ ಎಳೆದ ಕರಿ ಉಣ್ಣೆಯ ದಾರ ಕಟ್ಟಿ ಕಿವಿಗೆ ಸುತ್ತಿಕೊಂಡಿರುತ್ತಿದ್ದರು. ಪಾಠದ ಭರದಲ್ಲಿ ತಲೆಯಾಡಿಸಿದರೆ ಕನ್ನಡಕ ಜಾರಿ ಒಂದೇ ಗಾಜು ಕಣ್ಣ ಮೇಲೆ ಉಳಿಯುತ್ತಿತ್ತು. ಮಕ್ಕಳು ಕಿಸಕ್ಕನೆ ನಕ್ಕರೆ, “ನಗ್ರಿ, ನಗ್ರಿ. ಒಂದ ಕಣ್ಣಿಲೆ ನೋಡಿದ್ರೂ ಯಾರ್ ನಕ್ರು ಅಂತ ಗೊತ್ತಾಗ್ತದ ನನಗ” ಎನ್ನುತ್ತ ತಾವೂ ನಗುತ್ತಿದ್ದರು.

ನಾನು ಉಟಗಿಯ ಕನ್ನಡ ಶಾಲೆಗೆ ಸಹಾಯಕ ಶಿಕ್ಷಕನಾಗಿ ಸೇರಿದಾಗ ಆ ಸೀಮೆಯನ್ನು ಆಳುತ್ತಿದ್ದ ಜತ್ತ ಸಂಸ್ಥಾನ ಹೋಗಿ ನಾಲ್ಕೈದು ವರ್ಷವಾಗಿತ್ತು. ನನ್ನದು ಬರೀ ಮ್ಯಾಟ್ರಿಕ್. ಅವರದು ಬಿ.ಎ., ಮೇಲೆ ಶಿಕ್ಷಕ ತರಬೇತಿಯ ಬಿ.ಟಿ. ಅಷ್ಟು ಓದಿದವರು ಜತ್ತದ ಹೈಸ್ಕೂಲು ಬಿಟ್ಟು, ತಾವಾಗಿಯೇ ಕೇಳಿಕೊಂಡು ಈ ಹಳ್ಳಿಯ ಶಾಲೆಗೆ ಬಂದಿದ್ದರು. ಕಾರಣ ಕೇಳಿದರೆ, “ಎಂ.ಎಡ್. ಮಾಡ್ಲಾಕತ್ತೀನಿ” ಎನ್ನುತ್ತಿದ್ದರು. ಅದು ಏನೆಂದು ಊರಲ್ಲಿ ಯಾರಿಗೂ ತಿಳಿದಿರಲಿಲ್ಲ. ನನಗೂ ಅಷ್ಟೇ. ಮಾಸ್ತರಿಕೆ ಮಾಡುತ್ತಲೇ ಮಾಸ್ತರಿಕೆಯ ಮೇಲೆ ಓದುವುದು, ಒಂದು ದೊಡ್ಡ ಪ್ರಬಂಧ ಬರೆಯುವುದು, ಬೇಸಿಗೆ ಮತ್ತು ದೀಪಾವಳಿಯ ಸೂಟಿಯಲ್ಲಿ ಧಾರವಾಡಕ್ಕೆ ಹೋಗಿ ಗುರುಗಳಿಗೆ ತೋರಿಸಿ ಬರುವುದು ಎಂದು ಅವರೇ ಬಿಡಿಸಿ ಹೇಳಿದರು. ಅದನ್ನು ಮುಗಿಸಿದರೆ ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಅವರಿಗೊಂದು ಜಾಗ ಕಾದಿತ್ತು. ಮನೆಗೆ ಹೋದವರಿಗೆಲ್ಲ ಅವರ ಹೆಂಡತಿ, ನಾವೆಲ್ಲ ಅಕ್ಕಾವರು ಎನ್ನುತ್ತಿದ್ದವರು, ಚಹಾ ಕೊಡುತ್ತ ಹೇಳುತ್ತಿದ್ದರು: “ನಮ್ಮ ಮಕ್ಕಳು ಸಾಲಿ ಮುಗಿಸಿದ್ರೂ ಇವರ್ದು ಮುಗೀವಲ್ದು ನೋಡ್ರಿ. ಮುಂದಿನ ವರ್ಷ ಇವರಿಗೂ ಒಂದು ಪಾಟಿ ಬಳಪ ಕೊಡಸ್ಬೇಕು.”

ಅವರ ಪ್ರಬಂಧದ ವಿಷಯ ಸರಳವಾಗಿತ್ತು. ಮಗ್ಗಿ ಬಾರದ ಮಗುವಿಗೆ ಮನೆಯ, ಹೊಲದ ಸಾಮಾನು ಕೈಗೆ ಕೊಟ್ಟು ಲೆಕ್ಕ ಕಲಿಸಿದರೆ ಬರುತ್ತದೆಯೋ ಇಲ್ಲವೋ? ನಾಲ್ಕನೇ ಇಯತ್ತೆಯಲ್ಲಿ, ಅಂದರೆ ನಾಲ್ಕನೇ ತರಗತಿಯಲ್ಲಿ, ಎರಡು ತುಕಡಿಗಳಿದ್ದವು. ಒಂದು ಅವರದು, ಒಂದು ನನ್ನದು. ಅವರು ತಮ್ಮ ತುಕಡಿಯಲ್ಲಿ ಶೇಂಗಾ ಚೀಲ ಬಿಚ್ಚಿ ಭಾಗಾಕಾರ ಕಲಿಸುತ್ತಿದ್ದರು. ಮಕ್ಕಳು ಸಮನಾಗಿ ಹಂಚಿಕೊಂಡ ಮೇಲೆ ಉಳಿದ ಶೇಷ ಮಾಸ್ತರರ ಬಾಯಿಗೆ. ಅದು ಅವರು ಮಾಡಿದ ಕಾಯಿದೆ. ಕೆಲವೇ ದಿನಗಳಲ್ಲಿ ಹುಡುಗರು ಎಷ್ಟು ಶೇಂಗಾ ತೆಗೆದರೆ ಮಾಸ್ತರಿಗೆ ಒಂದೂ ಉಳಿಯುವುದಿಲ್ಲ ಎಂದು ಮೊದಲೇ ಲೆಕ್ಕ ಹಾಕಿಯೇ ಚೀಲಕ್ಕೆ ಕೈ ಹಾಕತೊಡಗಿದರು. “ಏನ್ರಲೇ, ನನ್ನನ್ನ ಉಪವಾಸ ಕೆಡವ್ತೀರಿ!” ಎಂದು ಅವರು ಕೂಗಿದರೆ ಆ ನಗು ನನ್ನ ತುಕಡಿಗೂ ಕೇಳುತ್ತಿತ್ತು.

ನನಗೆ ಹೇಳಿದ್ದು ಇಷ್ಟೇ: “ತಮ್ಮಾ, ನೀ ದಿನಾ ಹೆಂಗ ಕಲಸ್ತೀಯೋ ಹಂಗ ಕಲಸು. ಹೆಚ್ಚೂ ಬ್ಯಾಡ, ಕಡಿಮೀನೂ ಬ್ಯಾಡ. ಕಡೀಕ ಎರಡೂ ತುಕಡಿಗೆ ಒಂದ ಪರೀಕ್ಷಾ ತೊಗೊಂಡು ನೋಡೂಣು.”

ನಾನು ಇದನ್ನು ನನ್ನದೇ ರೀತಿಯಲ್ಲಿ ಅರ್ಥ ಮಾಡಿಕೊಂಡೆ. ಅವರ ತುಕಡಿ ಗೆಲ್ಲಬೇಕು, ನನ್ನದು ಸೋಲಬೇಕು, ಸೋತದ್ದು ಧಾರವಾಡದ ಪುಸ್ತಕದಲ್ಲಿ ಅಚ್ಚಾಗಬೇಕು. ನನ್ನ ಮಕ್ಕಳ ಮಗ್ಗಿ ಕೇಳಿ ದಿಪೋಟಿ ಸಾಹೇಬರು, ಅಂದರೆ ಶಾಲೆ ತಪಾಸಣಿಗೆ ಬರುವ ಅಧಿಕಾರಿಗಳು, ಹಿಂದಿನ ವರ್ಷ ಬೆನ್ನು ತಟ್ಟಿ ಹೋಗಿದ್ದರು. ಈಗ ಶೇಂಗಾ ತಿನ್ನುವ ಮಕ್ಕಳ ಮುಂದೆ ನನ್ನ ಮಾನ ಹೋಗಬೇಕೇ?

ತಪಾಸಣಿ ಎಂದರೆ ಆಗ ನಮ್ಮ ಕಡೆ ಒಂದು ರೂಢಿಯಿತ್ತು. ಸಾಹೇಬರು ಕೇಳಬಹುದಾದ ಲೆಕ್ಕಗಳನ್ನು ವಾರದ ಮೊದಲಿಂದ ತಿದ್ದಿಸುವುದು, ತೀರ ಹಿಂದುಳಿದ ಮಕ್ಕಳಿಗೆ ಆ ದಿನ ಬರಬೇಡಿ ಎಂದು ಹೇಳುವುದು. ಯಾರೂ ಅದನ್ನು ತಪ್ಪೆಂದು ತಿಳಿದಿರಲಿಲ್ಲ. ನಾನು ವಿದ್ಯಾರ್ಥಿಯಾಗಿದ್ದಾಗ ನನ್ನ ಪಕ್ಕದವನನ್ನೂ ಹಾಗೆಯೇ ಮನೆಗೆ ಕಳಿಸಿದ್ದರು. ನನಗೆ ಪರೀಕ್ಷೆಯೆಂದರೆ ಅದೊಂದೇ ಗೊತ್ತು. ನನ್ನ ಅಕ್ಷರ ದುಂಡಗಿದ್ದುದರಿಂದ ಎರಡೂ ತುಕಡಿಯ ಪರೀಕ್ಷೆಯ ಪ್ರಶ್ನೆಗಳನ್ನು ನಕಲು ತೆಗೆಯುವ ಕೆಲಸವನ್ನು ಅವರು ನನಗೇ ಕೊಟ್ಟಿದ್ದರು. ಅವೇ ಲೆಕ್ಕಗಳನ್ನು ನನ್ನ ಮಕ್ಕಳಿಗೆ ಮೊದಲೇ ಮತ್ತೆ ಮತ್ತೆ ತಿದ್ದಿಸಿದೆ. ಹಿಂದಿನ ಸಾಲಿನ ಐದಾರು ಮಕ್ಕಳನ್ನು ಕರೆದು, “ನಾಳಿಗೆ ಸಾಹೇಬ್ರು ಬರ್ತಾರ. ನಾ ಹೇಳಿ ಕಳಸೂತನಕ ಮನ್ಯಾಗ ಇರ್ರಿ” ಎಂದೆ. ಪರೀಕ್ಷೆಯ ದಿನ ಹೆಡ್ ಮಾಸ್ತರರು ಅವರೆಲ್ಲಿ ಎಂದರೆ, “ಕುರಿ ಹಿಂದ ಹೋಗ್ಯಾರ್ರಿ ಸರ” ಎಂದೆ. ಅವರು ನಂಬಿದರು.

ನನ್ನ ತುಕಡಿ ಬಹಳ ಮುಂದೆ ಬಂತು.

ಅವರಿಗೆ ಸಿಟ್ಟು ಬರುತ್ತದೆ, ಕನಿಷ್ಠ ಬೇಸರವಾದರೂ ಆಗುತ್ತದೆ ಎಂದುಕೊಂಡಿದ್ದೆ. ಅವರು ನನ್ನ ಹೆಗಲ ಮೇಲೆ ಕೈ ಹಾಕಿ, “ನಾ ತಪ್ಪಿದ್ದೆ ನೋಡೋ. ನಿನ್ನ ಮಗ್ಗೀನ ಗೆದ್ದವು. ಹೆಂಗ ಕಲಸ್ತಿ, ನನಗೂ ಒಂದೀಟು ತೋರ್ಸು” ಎಂದರು. ಮರುದಿನದಿಂದ ನನ್ನ ವರ್ಗಕ್ಕೆ ಬಂದು ಮಕ್ಕಳ ನಡುವೆ ನೆಲದ ಮೇಲೆ ಕುಳಿತು ನನ್ನ ಪಾಠ ಕೇಳತೊಡಗಿದರು. ಬಿ.ಟಿ. ಆದವರು, ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ನಾನು ಮಗ್ಗಿ ಹೇಳಿಸುತ್ತ ಗೋಡೆ ನೋಡುತ್ತಿದ್ದೆ. ತಮ್ಮ ತುಕಡಿಯಲ್ಲಿ ಶೇಂಗಾ ಚೀಲಕ್ಕೆ ಗಂಟು ಹಾಕಿ ಮೂಲೆಗಿಟ್ಟಿದ್ದರು. ಈ ರೀತಿಯಿಂದ ಲಾಭವಿಲ್ಲ ಎಂದು ತಮ್ಮದೇ ವಿಚಾರದ ವಿರುದ್ಧ ಪ್ರಬಂಧದ ಕೊನೆಯ ಭಾಗ ಬರೆಯುತ್ತಿದ್ದರು. ಇನ್ನೊಂದು ವಾರದಲ್ಲಿ ಅದು ಧಾರವಾಡಕ್ಕೆ ಹೋಗುವುದಿತ್ತು. ನಾನು ಮರುದಿನವೂ ಮಗ್ಗಿಯನ್ನೇ ಹೇಳಿಸಿದೆ.

ಒಂದು ಮಧ್ಯಾಹ್ನ ಕುರಿ ಸಾಕುವ ಮನೆಯ ತಾಯಿಯೊಬ್ಬಳು ಮಗನ ರಟ್ಟೆ ಹಿಡಿದುಕೊಂಡು ನನ್ನ ವರ್ಗದ ಬಾಗಿಲಿಗೆ ಬಂದಳು. ಮನೆಗೆ ಕಳಿಸಿದ ಉಳಿದ ಮಕ್ಕಳು ತಾವಾಗಿಯೇ ಮರಳಿ ಬಂದಿದ್ದರು. ಇವನೊಬ್ಬ ನಾನು ಹೇಳಿ ಕಳಿಸುವುದನ್ನೇ ಕಾಯುತ್ತ ಉಳಿದಿದ್ದ.

“ಮಾಸ್ತರ್ರಾ, ಸಾಹೇಬ್ರು ಹೋದ್ರೋ ಇಲ್ಲೋ?” ಎಂದಳು. “ಇವಾ ಮನ್ಯಾಗ ಕುಂತು ನನ್ನ ಜೀವಾ ತಿನ್ಲಾಕತ್ತಾನ. ಕುರಿ ಹಿಂದರ ಹೋಗೋ ಅಂದ್ರ, ಸಾಲಿಯಿಂದ ಕರೆ ಬರ್ತದ ಅಂತಾನ.”

ಹೆಡ್ ಮಾಸ್ತರರು ನೆಲದಿಂದ ಎದ್ದರು. “ಯಾವ ಸಾಹೇಬ್ರವ್ವಾ?”

ಉತ್ತರ ಕೊಟ್ಟವನು ಹುಡುಗ. “ಪರೀಕ್ಷಾದ ಸಾಹೇಬ್ರು ರೀ. ದಡ್ಡ ಹುಡುಗ್ರು ಇದ್ರ ಅವರಿಗೆ ಸಿಟ್ಟ ಬರ್ತದಂತ್ರಿ.” ಅವನ ದನಿಯಲ್ಲಿ ದೂರು ಇರಲಿಲ್ಲ. ಬಿಸಿಲಿದೆ, ಗಾಳಿಯಿದೆ ಎನ್ನುವ ಹಾಗೆ ಹೇಳಿದ.

“ಸಾಹೇಬ್ರು ಹೋದ್ರಪ್ಪಾ. ಬಾ, ಕುಂದ್ರು” ಎಂದು ಅವರು ತಾವು ಕುಳಿತಿದ್ದ ಜಾಗದಲ್ಲೇ ಅವನನ್ನು ಕೂಡಿಸಿದರು. ನನ್ನನ್ನು ಹೊರಗೆ ಬೇವಿನ ಗಿಡದ ಹತ್ತಿರ ಕರೆದರು. ಅಲ್ಲಿ ಎಲ್ಲವನ್ನೂ ಹೇಳಿದೆ. ತಿದ್ದಿಸಿದ್ದು, ಕಳಿಸಿದ್ದು, ಯಾಕೆ ಎಂಬುದು, ಎಲ್ಲ. ಅವರು ಜಾರಿದ ಕನ್ನಡಕ ತೆಗೆದು ದಾರವನ್ನು ಮತ್ತೆ ಕಿವಿಗೆ ಸುತ್ತಿಕೊಂಡರು. ಆಮೇಲೆ, “ಅಂಥಾ ಹುಡುಗ್ರ ಸಲುವಾಗಿ ಅಲ್ಲೇನೋ ನಾ ಇದನ್ನ ಮಾಡ್ಲಾಕತ್ತಿದ್ದು? ಅವರ್ನ ಬಿಟ್ಟು ಉಳಿದವ್ರ ಮಾರ್ಕ್ಸೆಲ್ಲಾ ತಂದು ಕೊಟ್ಟೆಲ್ಲೋ” ಎಂದರು.

ಎರಡು ದಿನ ನನ್ನೊಡನೆ ಮಾತಿಲ್ಲ. ಮೂರನೆಯ ದಿನ ಬಂದು, “ಹೊಸಾ ವರ್ಷಕ್ಕ ನನ್ನ ತುಕಡಿ ನಿನಗ, ನಿನ್ನ ತುಕಡಿ ನನಗ. ಎಲ್ಲಾ ಮೊದಲಿಂದ ಸುರು ಮಾಡೂಣು. ಶೇಂಗಾ ನೀ ಹಂಚು, ಮಗ್ಗಿ ನಾ ಹೇಳಸ್ತೀನಿ” ಎಂದರು.

“ಧಾರವಾಡಕ್ಕ ಏನ್ ಹೇಳ್ತೀರಿ ಸರ?”

“ಈ ವರ್ಷ ಆಗಂಗಿಲ್ಲ ಅಂತ ಹೇಳ್ತೀನಿ. ಮತ್ತೇನ್ ಹೇಳ್ಲಿ?”

ತರಬೇತಿ ಕಾಲೇಜಿನ ಜಾಗ ಜೂನ್‌ನಲ್ಲಿ ಬೇರೆಯವರ ಪಾಲಾಯಿತು. ಮಾಸ್ತರರು ಧಾರವಾಡದಿಂದ ಬರಿಗೈಯಲ್ಲಿ ಬಂದದ್ದನ್ನು ಊರು ತನಗೆ ತಿಳಿದಂತೆ ಅರ್ಥ ಮಾಡಿಕೊಂಡಿತು. ಒಂದು ಸಂಜೆ ಚಹಾದಂಗಡಿಯವನು ಎಲ್ಲರೆದುರು ಕೇಳಿದ: “ಏನ್ರಿ ಮಾಸ್ತರ್ರಾ, ನಮ್ಮ ಹುಡುಗರ್ನ ನಪಾಸ್ ಮಾಡ್ತಿದ್ರಿ, ಈ ಸಲ ನೀವ ನಪಾಸಾದ್ರಂತ?”

ಅಂಗಡಿಯೆಲ್ಲ ನಕ್ಕಿತು. ಅವರೂ ನಕ್ಕು, “ಹೂಂನಪ್ಪಾ, ಮತ್ತ ಕುಂದರ್ತೀನಿ. ನಿನ್ನ ಮಗನ ಪಕ್ಕದಾಗ ಒಂದೀಟು ಜಾಗಾ ಬಿಡು ಅನ್ನು” ಎಂದರು. ನಾನು ಅವರ ಪಕ್ಕದಲ್ಲೇ ಕುಳಿತಿದ್ದೆ. ಬಸಿಯಲ್ಲಿ ಚಹಾ ಆರಿಸುತ್ತಿದ್ದೆ. ಅವರು ಪರೀಕ್ಷೆಗೆ ಕುಳಿತೇ ಇರಲಿಲ್ಲ, ಅದಕ್ಕೆ ನಾನು ಕಾರಣ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಚಹಾ ಕುಡಿದೆ.

ಆ ಎರಡನೆಯ ವರ್ಷ ನನ್ನ ಮಾಸ್ತರಿಕೆಯಲ್ಲಿ ಅತ್ಯಂತ ಸಂತೋಷದ್ದು. ಶೇಂಗಾ, ಜೋಳದ ತೆನೆ, ಉಣ್ಣೆಯ ಉಂಡೆ ಹಂಚಿ ಹಂಚಿ ನಾನೇ ಭಾಗಾಕಾರವನ್ನು ಹೊಸದಾಗಿ ಕಲಿತೆ. ಸಂಜೆ ಶಾಲೆಯ ಕಟ್ಟೆಯ ಮೇಲೆ ಕುಳಿತು ಅವರು ಧಾರವಾಡದಿಂದ ತಂದ ಪುಸ್ತಕಗಳನ್ನು ಕನ್ನಡದಲ್ಲಿ ಹೇಳುತ್ತಿದ್ದರು. ಮ್ಯಾಟ್ರಿಕ್ಕಿಗೆ ನಿಂತ ನನ್ನ ಓದು ಮುಂದೆ ಸಾಗಿದ್ದು ಆ ಕಟ್ಟೆಯ ಮೇಲೆ. ಅಕ್ಕಾವರು ಒಳಗಿನಿಂದ, “ಇಬ್ರೂ ಎಂ.ಎಡ್. ಆದ ಮ್ಯಾಲಾದ್ರೂ ರೊಟ್ಟಿ ತಿನ್ಲಾಕ ಬರ್ರಿ” ಎಂದು ಕೂಗುತ್ತಿದ್ದರು.

ಫಲಿತಾಂಶ ಡಂಗುರ ಹೊಡೆಯುವಂಥದೇನೂ ಆಗಿರಲಿಲ್ಲ. ಮಗ್ಗಿ ಬರುವ ಮಕ್ಕಳಿಗೆ ಹೊಸ ರೀತಿಯಿಂದ ಹೆಚ್ಚು ಕಡಿಮೆ ಏನೂ ಆಗಲಿಲ್ಲ. ಹಿಂದಿನ ಸಾಲಿನವರಿಗೆ ಮಾತ್ರ ಚೆನ್ನಾಗಿ ಕೈ ಹಿಡಿದಿತ್ತು. “ಇಷ್ಟ ಖರೇ ಅದ, ಇಷ್ಟ ಬರೀತೀನಿ” ಎಂದು ಅಷ್ಟನ್ನೇ ಬರೆದರು. ಪಾಸಾಗಿ ಬಂದ ದಿನ ಅಕ್ಕಾವರು ಶಾಲೆಗೆಲ್ಲ ಸಕ್ಕರೆ ಹಂಚಿದರು. ಒಂದು ವರ್ಷ ತಡ ಯಾಕಾಯಿತೆಂದು ಧಾರವಾಡದಲ್ಲಿ ಕೇಳಿದರೇ ಎಂದು ನಾನು ಹೆದರುತ್ತಲೇ ವಿಚಾರಿಸಿದೆ.

“ಕೇಳಿದ್ರು. ಮೊದಲ್ನೇ ಪರೀಕ್ಷಾ ನಾ ಸರಿಯಾಗಿ ತೊಗೊಂಡಿರಲಿಲ್ರಿ ಅಂದೆ.”

“ನನ್ನ ಹೆಸರು ಹೇಳಬೇಕಾಗಿತ್ರಿ.”

“ಯಾಕ? ಆ ಪರೀಕ್ಷಾ ಯಾರ ಸಲುವಾಗಿ ಅಂತ ನಿನಗ ಎಂದಾದ್ರೂ ಕುಂದ್ರಿಸಿಕೊಂಡು ಹೇಳಿದ್ನೇನು? ನಕಲು ತೆಗಿ ಅಂದೆ, ಅಷ್ಟ. ನನ್ನ ತಪ್ಪೂ ಅದ ಅದರಾಗ.”

ಮುಂದೆ ಅವರಿಗೆ ಬೇರೆ ಕಡೆ ತರಬೇತಿ ಕಾಲೇಜು ಸಿಕ್ಕಿತು. ಬಹಳ ಶಿಕ್ಷಕರನ್ನು ತಯಾರು ಮಾಡಿದರು. ನಿವೃತ್ತಿಯ ನಂತರ ಜತ್ತದಲ್ಲಿ ಮನೆ ಮಾಡಿಕೊಂಡು ಸಮಾಧಾನದಿಂದ ಬದುಕಿ, ನಿದ್ದೆಯಲ್ಲೇ ಹೋದರು. ಉಟಗಿಯ ಶಾಲೆಯಲ್ಲಿ ಶ್ರದ್ಧಾಂಜಲಿ ಸಭೆ ಮಾಡಿದೆವು. ತರುಣ ಶಿಕ್ಷಕರೊಬ್ಬರು ಬಹಳ ಪ್ರೀತಿಯಿಂದ ಮಾತಾಡಿದರು. “ಅವರೂ ಒಮ್ಮೆ ಎಂ.ಎಡ್. ನಪಾಸಾಗಿದ್ದರು. ಆದರೂ ಧೈರ್ಯ ಬಿಡಲಿಲ್ಲ. ಮಕ್ಕಳೇ, ಇದನ್ನು ನೆನಪಿಡಿ” ಎಂದರು. ಮಕ್ಕಳು ತಲೆದೂಗಿದರು. ಮುಂದಿನ ಸರದಿ ನನ್ನದು. ಎದ್ದು ನಿಂತೆ. ದುಃಖದಿಂದ ಮಾತು ಬರುತ್ತಿಲ್ಲವೆಂದು ತಿಳಿದು ಯಾರೋ ನೀರು ತಂದುಕೊಟ್ಟು ಕೂಡಿಸಿದರು. ಅಂದೂ ಹಾಗೆಯೇ ಕುಳಿತುಬಿಟ್ಟೆ.

ಆ ಸಭೆಯಲ್ಲಿದ್ದವರು, ಅವರಿಂದ ಕೇಳಿದವರು ಇದನ್ನು ಓದಲಿ. ನಮ್ಮ ಹೆಡ್ ಮಾಸ್ತರರು ತಮ್ಮ ಜೀವಮಾನದಲ್ಲಿ ಯಾವ ಪರೀಕ್ಷೆಯಲ್ಲಿಯೂ ನಪಾಸಾಗಿರಲಿಲ್ಲ. ಆ ವರ್ಷ ನಪಾಸಾದವನು ನಾನು. ಅವರು ನನ್ನ ಸಲುವಾಗಿ ಒಂದು ವರ್ಷ ಅದೇ ಇಯತ್ತೆಯಲ್ಲಿ ಕುಳಿತರು.